ಘಟ್ಟಕ್ಕೂ ಕರಾವಳಿಗೂ ಓಡಾಡುವ ಕಾರಿಗೆ ಟೈರ್ ಗಾಳಿ ತೋರಿಸುವ ಸೋಲಾರ್ ಕಿಟ್: ಯಾರು ಕೊಳ್ಳಬಹುದು, ಯಾರಿಗೆ ಬೇಡ

ನಾಲ್ಕು ಚಕ್ರದ ವಾಲ್ವ್ ಮುಚ್ಚಳ ತೆಗೆದು ಆ ಜಾಗದಲ್ಲಿ ಸೆನ್ಸರ್ ಇರುವ ಮುಚ್ಚಳ ತಿರುಗಿಸುವುದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಬಿಸಿಲಿನಲ್ಲಿ ಚಾರ್ಜ್ ಆಗುವ ಪರದೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸುವುದು. ಹೊರಗಿನಿಂದ ಹಾಕುವ ಟಿಪಿಎಂಎಸ್ (ಟೈರಿನ ಗಾಳಿಯ ಒತ್ತಡ ನೋಡುತ್ತಿರುವ ವ್ಯವಸ್ಥೆ) ಕಿಟ್ ಎಂದರೆ ಇಷ್ಟೇ. ಸುಮಾರು ಎರಡರಿಂದ ಐದು ಸಾವಿರ ರೂಪಾಯಿಗೆ ಹಲವು ಹೆಸರಿನಲ್ಲಿ ಸಿಗುತ್ತದೆ. ಹೆಸರು ಬೇರೆಯಾದರೂ ಕೆಲಸದ ರೀತಿ ಒಂದೇ, ಕೈಕೊಡುವ ಜಾಗಗಳೂ ಬಹುಮಟ್ಟಿಗೆ ಅವೇ. ಆದ್ದರಿಂದ ಇದು ಯಾವುದೋ ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ. ಕಾರವಾರದ ಉಪ್ಪುಗಾಳಿ, ಉತ್ತರ ಕನ್ನಡದ ಮಳೆ ಮತ್ತು ಘಟ್ಟದ ತಿರುವುಗಳಲ್ಲಿ ಈ ಜಾತಿಯ ಸಾಮಾನು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದರ ವಿಮರ್ಶೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಉಕ್ಕಿನ ರಿಮ್ಮು, ಗಿಡ್ಡ ರಬ್ಬರ್ ವಾಲ್ವ್ ಇರುವ ಕಾರಾದರೆ ಧಾರಾಳವಾಗಿ ಕೊಳ್ಳಿ. ಅಲ್ಯೂಮಿನಿಯಂ ವಾಲ್ವ್ ಇರುವ ಕಾರು ದಿನವೂ ಸಮುದ್ರದ ಬದಿಯಲ್ಲೇ ನಿಲ್ಲುವುದಾದರೆ ಇದು ಬೇಡ, ಟೈರಿನ ಒಳಗೆ ಕೂರುವ ಸೆನ್ಸರ್ ಹಾಕಿಸಿ. ಕಾರಿನಲ್ಲಿ ಕಂಪನಿಯಿಂದಲೇ ಗಾಳಿಯ ದೀಪ ಇದೆ, ಆದರೆ ಅಂಕಿ ಕಾಣುವುದಿಲ್ಲ ಎನ್ನುವವರಿಗೂ ಈ ಕಿಟ್ ದಂಡವಲ್ಲ. ಕಾರಣ ಆ ದೀಪ ಯಾವಾಗ ಉರಿಯುತ್ತದೆ ಎಂಬುದರಲ್ಲಿದೆ.

ಕಂಪನಿಯ ದೀಪ ಎಂದರೆ ಮೀಟರ್ ಬೋರ್ಡಿನಲ್ಲಿ ಕಾಣುವ, ಅಡ್ಡಕ್ಕೆ ಕತ್ತರಿಸಿದ ಟೈರಿನ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ಗುರುತು. ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಉರಿದು ಆರಿದರೆ ಅದು ಬಲ್ಬಿನ ಪರೀಕ್ಷೆ, ಏನೂ ಆಗಿಲ್ಲ. ಉರಿದು ಹಾಗೆಯೇ ನಿಂತರೆ ಒಂದೋ ಹೆಚ್ಚೋ ಟೈರಿನಲ್ಲಿ ಗಾಳಿ ಕಡಿಮೆ. ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಸ್ಥಿರವಾದರೆ ವಿಷಯ ಬೇರೆ: ಗಾಳಿ ಸರಿ ಇರಬಹುದು, ಇಲ್ಲದಿರಬಹುದು, ಆದರೆ ಅದನ್ನು ನೋಡಬೇಕಾದ ವ್ಯವಸ್ಥೆಯೇ ಕೆಟ್ಟಿದೆ. ಸೆನ್ಸರಿನ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿರುತ್ತೀರಿ, ಇಲ್ಲವೇ ಟೈರ್ ಬಿಚ್ಚುವಾಗ ಸೆನ್ಸರ್ ಮುರಿದಿರುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು, ಮಿಣುಕುವ ದೀಪಕ್ಕೆ ಗಾಳಿ ತುಂಬಿಸುತ್ತಲೇ ಇರುವವರು ಬಹಳ.

ಇನ್ನು ಉರಿಯುವ ಮಿತಿ. ಅಮೆರಿಕದಲ್ಲಿ 2000ದ ಟ್ರೆಡ್ ಎಂಬ ವಾಹನ ಸುರಕ್ಷತಾ ಕಾಯ್ದೆಯ ನಂತರ ಬಂದ ನಿಯಮದ ಪ್ರಕಾರ, ಕಂಪನಿ ಹೇಳಿದ ಒತ್ತಡಕ್ಕಿಂತ ಶೇ 25ರಷ್ಟು ಇಳಿದಾಗ ದೀಪ ಉರಿಯಬೇಕು. ಯುರೋಪಿನಲ್ಲಿ ಈ ಮಿತಿ ಶೇ 20, 2014ರ ನವೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರಿಗೂ ಕಡ್ಡಾಯ. ನಮ್ಮಲ್ಲಿ ಎಲ್ಲ ಕಾರಿಗೂ ಕಡ್ಡಾಯವಿಲ್ಲ. ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ಪಂಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಎಂಬ ನಿಯಮ ಮಾತ್ರ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹೊಸ ಕಾರು ಕೊಳ್ಳುವಾಗ ಡಿಕ್ಕಿಯ ಹಾಸು ಎತ್ತಿ ನೋಡಲೇಬೇಕು.

ಈಗ ಲೆಕ್ಕ ಹಾಕಿ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದೆ ಎನ್ನಿ. ಕೆಲವು ಕಾರಿನಲ್ಲಿ ಇದನ್ನೇ 230 ಕೆಪಿಎ ಅಥವಾ 2.3 ಬಾರ್ ಎಂದು ಬರೆದಿರುತ್ತಾರೆ. ಶೇ 20ರ ಮಿತಿಯಲ್ಲಿ ದೀಪ ಉರಿಯುವುದು 26.4ಕ್ಕೆ, ಶೇ 25ರಲ್ಲಿ 24.75ಕ್ಕೆ. ಅಂದರೆ 27 ಪಿಎಸ್‌ಐನಲ್ಲಿ ಓಡುತ್ತಿರುವ ಟೈರಿಗೆ ದೀಪವೇ ಇಲ್ಲ. ಆರು ಪಿಎಸ್‌ಐ ಕಡಿಮೆ ಇರುವ ಟೈರ್ ಎರಡೂ ಅಂಚಿನಲ್ಲಿ ಸವೆಯುತ್ತದೆ, ಪಕ್ಕದ ಗೋಡೆ ಹೆಚ್ಚು ಬಾಗಿ ಬಿಸಿಯಾಗುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ತಡವಾಗಿ ಕೇಳುತ್ತದೆ. ಇದು ದೀಪದ ದೋಷವಲ್ಲ. ಅದನ್ನು ಮಾಡಿರುವುದೇ ಅಪಾಯದ ಅಂಚಿನಲ್ಲಿ ಕೂಗಲಿಕ್ಕೆ. ಏನೂ ತೂತಿಲ್ಲದ ಟೈರೂ ತಿಂಗಳಿಗೆ ಒಂದರಿಂದ ಎರಡು ಪಿಎಸ್‌ಐ ಬಿಡುತ್ತದೆ. ಮೂರು ತಿಂಗಳು ಗೇಜ್ ಹಿಡಿಯದಿದ್ದರೆ ನಾಲ್ಕೂ ಟೈರು ಈ ಕತ್ತಲ ವಲಯಕ್ಕೆ ಇಳಿದಿರುತ್ತವೆ. ಮುಚ್ಚಳದ ಕಿಟ್ ಗೆಲ್ಲುವುದು ಇಲ್ಲೇ, ಅದು ಅಂಕಿ ತೋರಿಸುತ್ತದೆ. 33 ಇದ್ದದ್ದು 31 ಆದದ್ದು ಕಣ್ಣಿಗೆ ಬೀಳುತ್ತದೆ.

ಚಳಿಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೇಳಿಬರುವ ಒಂದು ಮಾತಿದೆ: ಬೆಳಿಗ್ಗೆ ದೀಪ ಉರಿಯುತ್ತದೆ, ಬಿಸಿಲೇರಿದ ಮೇಲೆ ಆರುತ್ತದೆ, ಚಳಿಗೆ ಹಾಗಾಗುತ್ತದೆ, ಬಿಡಿ. ಬಿಡಬಾರದು. 33 ಪಿಎಸ್‌ಐ ಇರುವ ಟೈರಿನಲ್ಲಿ ಹತ್ತು ಡಿಗ್ರಿ ಸೆಲ್ಸಿಯಸ್ ತಾಪಮಾನ ಇಳಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ 33 ಡಿಗ್ರಿಯಲ್ಲಿ ಸರಿಯಾಗಿ ತುಂಬಿದ ಟೈರು ಮರುದಿನ ಬೆಳಿಗ್ಗೆ 15 ಡಿಗ್ರಿಗೆ ಬಂದರೂ ಮೂರು ಪಿಎಸ್‌ಐ ಒಳಗೇ ಇಳಿದು 30ರ ಹತ್ತಿರ ನಿಲ್ಲುತ್ತದೆ. ದೀಪದ ಮಿತಿ ಇನ್ನೂ ಮೂರೂವರೆ ಪಿಎಸ್‌ಐ ಕೆಳಗಿದೆ. ಹಿಮ ಬೀಳುವ ದೇಶದಲ್ಲಿ ಚಳಿಯೊಂದೇ ದೀಪ ಹಚ್ಚಬಹುದು, ನಮ್ಮ ಜಿಲ್ಲೆಯ ಚಳಿಗೆ ಆ ಶಕ್ತಿ ಇಲ್ಲ. ಡಿಸೆಂಬರಿನ ಬೆಳಿಗ್ಗೆ ದೀಪ ಬಂತೆಂದರೆ ಆ ಟೈರು ಮೊದಲೇ ಮೂರು ನಾಲ್ಕು ಪಿಎಸ್‌ಐ ಕಳೆದುಕೊಂಡಿತ್ತು, ಚಳಿ ಅದನ್ನು ಬಯಲಿಗೆ ತಂದಿತು ಅಷ್ಟೇ. ಆ ದಿನವೇ ಮೊಳೆ ಹುಡುಕಿ.

ಘಟ್ಟ ಹತ್ತುವವರಿಗೆ ಇನ್ನೊಂದು ಗೊಂದಲ. ಕರಾವಳಿಯ ಕುಮಟಾದಲ್ಲಿ ಕೈಗೇಜಿಗೂ ಪರದೆಗೂ ಸರಿಹೊಂದಿದ ಅಂಕಿ ಶಿರಸಿಯಲ್ಲಿ ಹೊಂದುವುದಿಲ್ಲ, ಪರದೆ ಒಂದು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಕಿಟ್ ಹಾಳಾಗಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ವಾತಾವರಣದ ಒತ್ತಡವೇ ಸುಮಾರು ಒಂದು ಪಿಎಸ್‌ಐ ಕಡಿಮೆ. ಕೈಗೇಜ್ ಟೈರಿನ ಒಳಗಿನ ಒತ್ತಡವನ್ನು ಆ ಜಾಗದ ಹೊರಗಾಳಿಗೆ ಹೋಲಿಸಿ ಅಳೆಯುತ್ತದೆ. ಸೆನ್ಸರಿನ ಚಿಪ್ ಒಳಗಿನ ಪೂರ್ಣ ಒತ್ತಡ ಅಳೆಯುತ್ತದೆ, ಅದರಿಂದ ಸಮುದ್ರಮಟ್ಟದ ಒತ್ತಡವನ್ನೇ ಕಳೆದು ತೋರಿಸುವ ಸೆನ್ಸರುಗಳು ಬಹಳ. ಆ ಒಂದು ಪಿಎಸ್‌ಐ ಅಂತರ ಅಲ್ಲಿಂದ ಬಂದದ್ದು. ಘಟ್ಟದ ಮೇಲೆ ಕೈಗೇಜನ್ನೇ ನಂಬಿ. ಇದಲ್ಲದೆ ಇಂಥ ಸೆನ್ಸರುಗಳ ನಿಖರತೆಯೇ ಸಾಮಾನ್ಯವಾಗಿ ಒಂದೂವರೆ ಪಿಎಸ್‌ಐ ಆಚೀಚೆ. ಹೀಗಾಗಿ ನಾಲ್ಕು ಚಕ್ರದ ಅಂಕಿ ಒಂದರಷ್ಟು ಹೆಚ್ಚುಕಡಿಮೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಒಂದೇ ಚಕ್ರ ದಿನದಿಂದ ದಿನಕ್ಕೆ ಉಳಿದ ಮೂರರಿಂದ ದೂರ ಸರಿಯುತ್ತಿದೆಯೇ, ಅದನ್ನು ನೋಡಿ.

ಜೋಡಿಸುವ ಕ್ರಮ

ಹಿಂದಿನ ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಅಳೆಯಿರಿ. ಚೀಟಿಯ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಕನಿಷ್ಠ ಮೂರು ಗಂಟೆ ನಿಂತ ಟೈರಿನದು. ಟೈರಿನ ಗೋಡೆಯ ಮೇಲೆ ಬರೆದಿರುವ 44 ಅಥವಾ 51 ಪಿಎಸ್‌ಐ ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು. ಪೆಟ್ರೋಲ್ ಬಂಕ್ ನಾಲ್ಕೈದು ಕಿಲೋಮೀಟರ್ ದೂರದಲ್ಲಿದ್ದರೆ ಮನೆಯಲ್ಲೇ ಅಳೆದು ಕೊರತೆ ಎಷ್ಟೆಂದು ಬರೆದುಕೊಳ್ಳಿ. ಮನೆಯಲ್ಲಿ 28 ಇತ್ತು, ಬೇಕಾದ್ದು 33, ಕೊರತೆ 5. ಬಂಕಿಗೆ ಹೋಗುವಷ್ಟರಲ್ಲಿ ಅದೇ ಟೈರು ಬಿಸಿಯಾಗಿ 30 ತೋರಿಸಿದರೆ 35ಕ್ಕೆ ತುಂಬಿಸಿ. ಬಿಸಿ ಟೈರಿನಲ್ಲಿ 33 ಎಂದು ತುಂಬಿಸಿದರೆ ಮರುದಿನ ಬೆಳಿಗ್ಗೆ ಅದು 31. ಇದರ ಉಲ್ಟಾ ತಪ್ಪೂ ಇದೆ: ಕಾರವಾರದಿಂದ ಭಟ್ಕಳದ ತನಕ ಹೆದ್ದಾರಿಯಲ್ಲಿ ಓಡಿದ ಮೇಲೆ ಪರದೆ 37 ತೋರಿಸಿತೆಂದು ಗಾಳಿ ಬಿಡುವುದು. ಬಿಡಬೇಡಿ, ಟೈರು ತಣಿದರೆ ಅದು ತನ್ನಷ್ಟಕ್ಕೆ 33ಕ್ಕೆ ಬರುತ್ತದೆ.

ಮುಚ್ಚಳ ಹಾಕುವ ಮೊದಲು ವಾಲ್ವನ್ನು ಬೆರಳಿನಿಂದ ಬಾಗಿಸಿ ಬುಡ ನೋಡಿ. ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೂ ಮೊದಲು ವಾಲ್ವ್ ಬದಲಿಸಿ. ಯಾಕೆಂದರೆ ಹತ್ತು ಗ್ರಾಂ ತೂಕದ ಮುಚ್ಚಳ ಹದಿನೈದು ಇಂಚಿನ ರಿಮ್ಮಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸುತ್ತುವಾಗ ವಾಲ್ವನ್ನು ಹೊರಗಡೆಗೆ ಎಳೆಯುವ ಬಲ ಸುಮಾರು ಒಂದೂವರೆ ಕಿಲೋ ತೂಕಕ್ಕೆ ಸಮ. ಹಳೆಯ ರಬ್ಬರು ಈ ಎಳೆತಕ್ಕೆ ಬುಡದಲ್ಲೇ ಸೀಳುತ್ತದೆ. ಟಿಆರ್413 ಎಂಬ ಗಿಡ್ಡ ವಾಲ್ವ್ ಒಳ್ಳೆಯದು. ಟಿಆರ್418ರಂಥ ಉದ್ದ ವಾಲ್ವಿಗೆ ಈ ಮುಚ್ಚಳ ಹಾಕಲೇಬೇಡಿ, ಉದ್ದವಿದ್ದಷ್ಟೂ ಬಾಗುವುದು ಹೆಚ್ಚು. ಉಕ್ಕಿನ ರಿಮ್ಮಿಗೆ ಪ್ಲಾಸ್ಟಿಕ್ ವೀಲ್ ಕವರ್ ಇದ್ದರೆ ಮುಚ್ಚಳ ಅದರ ಅಂಚಿಗೆ ತಾಗುತ್ತದೆಯೇ ಎಂದೂ ನೋಡಿ. ತಾಗಿದರೆ ತಿಂಗಳಲ್ಲಿ ಸವೆದು ಸಡಿಲವಾಗುತ್ತದೆ.

ಪರದೆಯ ಸೆಟ್ಟಿಂಗಿಗೆ ಹೋಗಿ ಅಳತೆಯನ್ನು ಬಾರ್‌ನಿಂದ ಪಿಎಸ್‌ಐಗೆ ಬದಲಿಸಿ. ಕೆಳಮಿತಿಯನ್ನು ಕಾರ್ಖಾನೆಯಿಂದ ಬಂದಂತೆ ಬಿಡಬೇಡಿ. ಅದು ಯಾವುದೋ ಸಾಮಾನ್ಯ ಕಾರಿಗೆ ಇಟ್ಟ ಅಂಕಿ. ಚೀಟಿಯಲ್ಲಿ 33 ಇದ್ದರೆ ಕೆಳಮಿತಿ 29, ಮೇಲ್ಮಿತಿ 42 ಇಡಿ. 29 ಎಂದರೆ ಶೇ 12ರಷ್ಟು ಇಳಿಕೆ. ಕಂಪನಿಯ ದೀಪಕ್ಕಿಂತ ಮೊದಲೇ ಎಚ್ಚರಿಸುತ್ತದೆ, ಚಳಿಯ ಬೆಳಿಗ್ಗೆ ವೃಥಾ ಕೂಗುವುದೂ ಇಲ್ಲ. ಹಿಂದಿನ ಟೈರಿಗೆ ಬೇರೆ ಮಿತಿ ಇಡುವ ಸೌಲಭ್ಯವಿದ್ದರೆ ಉಪಯೋಗಿಸಿ. ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೋಗುವ ದಿನ, ಐದು ಜನ ಸಾಮಾನು ಸಮೇತ ಹೊರಡುವ ದಿನ, ಹಿಂದಿನ ಟೈರಿಗೆ ಚೀಟಿಯ ಎರಡನೆಯ ಕಲಂನಲ್ಲಿರುವ ಪೂರ್ಣ ಭಾರದ ಒತ್ತಡ ಬೇಕು.

ಮುಚ್ಚಳಗಳ ಮೇಲೆ ಯಾವ ಚಕ್ರಕ್ಕೆ ಯಾವುದು ಎಂದು ಗುರುತಿರುತ್ತದೆ, ಅದೇ ಪ್ರಕಾರ ಹಾಕಿ. ಬೆರಳಿನಲ್ಲಿ ಬಿಗಿಯಾಗುವಷ್ಟೇ ತಿರುಗಿಸಿ, ಇಕ್ಕಳ ಹಿಡಿಯಬೇಡಿ. ಆಮೇಲೆ ಮಾಡಲೇಬೇಕಾದ ಕೆಲಸ ಸಾಬೂನು ನೀರಿನ ಪರೀಕ್ಷೆ. ಪಾತ್ರೆ ತೊಳೆಯುವ ಸಾಬೂನನ್ನು ನೀರಿನಲ್ಲಿ ಕದಡಿ, ಮುಚ್ಚಳ ಮತ್ತು ವಾಲ್ವ್ ಸೇರುವ ಜಾಗಕ್ಕೆ ನಾಲ್ಕು ಹನಿ ಬಿಟ್ಟು ಒಂದು ನಿಮಿಷ ಕಾಯಿರಿ. ನೊರೆ ಉಬ್ಬಿದರೆ ಗಾಳಿ ಸೋರುತ್ತಿದೆ. ಈ ಪರೀಕ್ಷೆಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಾಮಾನ್ಯ ಪ್ಲಾಸ್ಟಿಕ್ ಮುಚ್ಚಳ ಧೂಳು ತಡೆಯುತ್ತದೆ, ಗಾಳಿ ಹಿಡಿಯುವುದು ಒಳಗಿನ ವಾಲ್ವ್ ಪಿನ್ನು. ಸೆನ್ಸರ್ ಮುಚ್ಚಳ ಹಾಗಲ್ಲ. ಒತ್ತಡ ಅಳೆಯಬೇಕಾದರೆ ಅದು ಆ ಪಿನ್ನನ್ನು ಸದಾ ಒತ್ತಿ ಹಿಡಿದಿರಬೇಕು. ಆಗ ಟೈರಿನ ಗಾಳಿಗೂ ಹೊರಗಿನ ಲೋಕಕ್ಕೂ ನಡುವೆ ಉಳಿಯುವುದು ಮುಚ್ಚಳದೊಳಗಿನ ಒಂದು ಸಣ್ಣ ರಬ್ಬರ್ ವಾಶರ್ ಮಾತ್ರ. ಗಾಳಿ ಸೋರಿಕೆ ಹಿಡಿಯಲು ತಂದ ಸಾಮಾನೇ ಸೋರಿಕೆಗೆ ಕಾರಣವಾಗುವ ದೂರು ಹುಟ್ಟುವುದು ಆ ವಾಶರಿನಲ್ಲಿ. ಕಿಟ್ ಜೊತೆ ಹೆಚ್ಚುವರಿ ವಾಶರ್ ಕೊಟ್ಟಿಲ್ಲವೆಂದರೆ ಆ ಕಿಟ್ ಕೊಳ್ಳಬೇಡಿ.

ಕಳ್ಳರ ಕಾಟಕ್ಕೆಂದು ಮುಚ್ಚಳದ ಕೆಳಗೆ ಹಾಕುವ ತೆಳು ಬೀಗದ ನಟ್ಟು ಮತ್ತು ಅದಕ್ಕೊಂದು ಸ್ಪ್ಯಾನರ್ ಬರುತ್ತವೆ. ಕರಾವಳಿಯಲ್ಲಿ ಅದನ್ನು ಹಾಕದಿರುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಗಾಳಿ ತುಂಬಿಸುವಾಗೆಲ್ಲ ಮುಚ್ಚಳ ತೆಗೆಯಲೇಬೇಕು, ಆ ನಟ್ಟು ಉಪ್ಪಿಗೆ ಹಿಡಿದುಕೊಂಡರೆ ರಸ್ತೆಬದಿಯಲ್ಲಿ ಟೈರಿಗೆ ಗಾಳಿ ಹಾಕಲೂ ಆಗದ ಸ್ಥಿತಿ ಬರುತ್ತದೆ.

ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮುಚ್ಚಳ ಬಿಚ್ಚಿ ಪರೀಕ್ಷಿಸಿದರೆ ಸಾಲದು. ಬಿಚ್ಚಿದೊಡನೆ ಒತ್ತಡ ಸೊನ್ನೆಗೆ ಬಿದ್ದು ಯಾವ ಕಿಟ್ಟಾದರೂ ಕೂಗುತ್ತದೆ. ಬದಲಿಗೆ ಕೆಳಮಿತಿಯನ್ನು ತಾತ್ಕಾಲಿಕವಾಗಿ 38ಕ್ಕೆ ಏರಿಸಿ ಐದು ಹತ್ತು ನಿಮಿಷ ಓಡಿಸಿ. 33 ಇರುವ ನಾಲ್ಕೂ ಚಕ್ರಕ್ಕೂ ಎಚ್ಚರಿಕೆ ಬರಬೇಕು. ಬಾರದ ಚಕ್ರದ ಸೆನ್ಸರ್ ಸರಿಯಾಗಿ ಸೇರಿಲ್ಲ. ನಂತರ 29ಕ್ಕೆ ಇಳಿಸುವುದನ್ನು ಮರೆಯಬೇಡಿ. ಬ್ಯಾಟರಿ ಉಳಿಸಲು ಕಾರು ನಿಂತಾಗ ಸೆನ್ಸರುಗಳು ನಿದ್ದೆಗೆ ಜಾರುತ್ತವೆ. ಹಾಗಾಗಿ ಬೆಳಿಗ್ಗೆ ಪರದೆಯಲ್ಲಿ ಮೊದಲು ಕಾಣುವುದು ನಿನ್ನೆಯ ಅಂಕಿಯಿರಬಹುದು. ರಾತ್ರಿ ಪೂರ್ತಿ ಇಳಿದ ಟೈರಿಗೂ ನಿನ್ನೆಯ 33 ತೋರಿಸುವ ಕಿಟ್‌ಗಳಿವೆ. ಹೊರಡುವ ಮೊದಲು ಒಮ್ಮೆ ಕಾರು ಸುತ್ತಿ ಕಣ್ಣಿನಲ್ಲೇ ನೋಡಿ.

ಉಪ್ಪು, ಮಳೆ, ಘಟ್ಟದ ಬಿಸಿ

ಮುಚ್ಚಳದ ಒಳಗಿನ ತಿರುಪು ಸಾಮಾನ್ಯವಾಗಿ ಹಿತ್ತಾಳೆಯದು. ರಬ್ಬರ್ ವಾಲ್ವಿನ ಒಳಕೊಳವೆಯೂ ಹಿತ್ತಾಳೆಯದೇ, ಆದ್ದರಿಂದ ತಕರಾರಿಲ್ಲ. ಅಲಾಯ್ ಚಕ್ರಕ್ಕೆ ಬರುವ ಕೆಲವು ವಾಲ್ವುಗಳು ಮತ್ತು ಒಳಗಿನ ಸೆನ್ಸರಿನ ಜೊತೆ ಬರುವ ಬೆಳ್ಳಿ ಬಣ್ಣದ ವಾಲ್ವುಗಳು ಅಲ್ಯೂಮಿನಿಯಂನವು. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿರುವಾಗ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿಯಾಗಿ ತಿರುಪಿನ ಎಳೆಗಳನ್ನು ತುಂಬುತ್ತದೆ. ಮುಚ್ಚಳ ವಾಲ್ವಿಗೆ ಬೆಸೆದ ಹಾಗೆ ಕೂರುತ್ತದೆ. ಆಮೇಲೆ ಇಕ್ಕಳ ಹಾಕಿ ತಿರುಗಿಸಿದರೆ ಮುರಿಯುವುದು ಮುಚ್ಚಳವಲ್ಲ, ವಾಲ್ವ್, ಟೈರು ಅಲ್ಲೇ ಖಾಲಿ. ಕಾರವಾರ, ಬಿಣಗಾ, ಗೋಕರ್ಣ, ಮುರ್ಡೇಶ್ವರದ ಕಡಲಬದಿ ಮನೆಗಳ ಕಾರಿಗೆ ಉಪ್ಪು ಗಾಳಿಯಲ್ಲೇ ಬರುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಓಡಿದರೆ ಉಪ್ಪುನೀರು ನೇರವಾಗಿ ಚಕ್ರಕ್ಕೇ ಬೀಳುತ್ತದೆ. ವಾಲ್ವ್ ಯಾವ ಲೋಹದ್ದೆಂಬ ಅನುಮಾನವಿದ್ದರೆ ಪಂಚರ್ ಅಂಗಡಿಯಲ್ಲಿ ಕೇಳಿ, ನೋಡಿದೊಡನೆ ಹೇಳುತ್ತಾರೆ.

ಹಿತ್ತಾಳೆ ವಾಲ್ವಿಗೂ ಸ್ವಲ್ಪ ಆರೈಕೆ ಬೇಕು. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ, ಎಳೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಹೊರಎಳೆಗೆ ಮಾತ್ರ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ಮತ್ತೆ ಹಾಕಿ. ಗ್ರೀಸ್ ವಾಲ್ವಿನ ಬಾಯಿಗೆ ಹೋಗಬಾರದು, ಸೆನ್ಸರಿನ ರಂಧ್ರ ಮುಚ್ಚಿದರೆ ಅಂಕಿ ಒಂದೇ ಕಡೆ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಕೈಗೇಜ್ ಹಿಡಿದು ಪರದೆಗೂ ಅದಕ್ಕೂ ತಾಳೆ ನೋಡಿದರೆ ಎರಡೂ ಕೆಲಸ ಮುಗಿಯುತ್ತದೆ.

ಮಳೆಗಾಲಕ್ಕೆ ಬಂದರೆ ಮುಚ್ಚಳಗಳು ನೀರಿಗೆ ಅಷ್ಟಾಗಿ ಕೆಡುವುದಿಲ್ಲ, ಕೆಡುವುದು ಬ್ಯಾಟರಿ ಬದಲಿಸಿದ ಮೇಲೆ. ಹೆಚ್ಚಿನವುಗಳಲ್ಲಿ ಸಿಆರ್1632 ಎಂಬ ನಾಣ್ಯದಾಕಾರದ ಸೆಲ್ ಇರುತ್ತದೆ, ಒಂದೆರಡು ವರ್ಷ ಬರುತ್ತದೆ. ಬದಲಿಸುವಾಗ ಮೇಲಿನ ತೊಪ್ಪಿಯ ಸೀಲಿನ ಮೇಲೆ ಮರಳಿನ ಒಂದು ಕಣ ಉಳಿದರೂ ಜೂನಿನ ಮೊದಲ ವಾರದಲ್ಲೇ ನೀರು ಒಳಗೆ. ಮೇ ತಿಂಗಳಲ್ಲಿ ನಾಲ್ಕರದ್ದೂ ಒಟ್ಟಿಗೆ ಬದಲಿಸಿಬಿಡಿ. ಪರದೆಯ ಸೋಲಾರ್ ತಟ್ಟೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಯುಎಸ್‌ಬಿ ತಂತಿಯಲ್ಲಿ ಚಾರ್ಜ್ ಆಗುವ ಮಾದರಿಯನ್ನೇ ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಸಮಸ್ಯೆ ಉಲ್ಟಾ: ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾದು ಅಂಟು ಬಿಡುತ್ತದೆ, ಒಳಗಿನ ಲಿಥಿಯಂ ಬ್ಯಾಟರಿಯೂ ಬೇಗ ಸೊರಗುತ್ತದೆ. ಪರದೆಯನ್ನು ಸ್ಟೀರಿಂಗ್‌ನ ಬಲಕ್ಕೆ, ಗಾಜಿನ ಬುಡದಲ್ಲಿ ಇಡಿ. ಎಡಗಡೆ ಏರ್‌ಬ್ಯಾಗ್ ತೆರೆಯುವ ಜಾಗದ ಮೇಲೆ ಯಾವ ಕಾರಣಕ್ಕೂ ಅಂಟಿಸಬೇಡಿ.

ಮಳೆಯಲ್ಲಿ ಈ ಅಂಕಿಗಳಿಗೆ ಯಾಕಿಷ್ಟು ಮಹತ್ವ ಎಂದರೆ, ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗ ಗಾಳಿಯ ಒತ್ತಡದ ಮೇಲೂ ನಿಂತಿದೆ. ನಾಸಾ 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಮಾಡಿದ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ ಪಿಎಸ್‌ಐನ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ಆ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ. 33ಕ್ಕೆ ಅದು ಗಂಟೆಗೆ ಸುಮಾರು 96, 25ಕ್ಕೆ 83. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ಟೈರು ಎಷ್ಟು ಸವೆದಿದೆ, ನೀರು ಎಷ್ಟು ಆಳ ಎಂಬುದರ ಮೇಲೆ ಇನ್ನೂ ಕೆಳಗೆ ಬರುತ್ತದೆ. ಆದರೂ ಹೆದ್ದಾರಿ 66ರ ನಾಲ್ಕು ಪಥದಲ್ಲಿ ಜುಲೈ ಮಳೆಗೆ 80ರಲ್ಲಿ ಹೋಗುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ.

ಘಟ್ಟ ಇಳಿಯುವಾಗ ಪರದೆಯ ಇನ್ನೊಂದು ಅಂಕಿ, ತಾಪಮಾನ, ಕೆಲಸಕ್ಕೆ ಬರುತ್ತದೆ. ದೇವಿಮನೆಯಲ್ಲೋ ಅರಬೈಲಿನಲ್ಲೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕಿನ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರಿನ ಗಾಳಿಗೆ ಹೋಗುತ್ತದೆ. ಮುಂದಿನ ಎರಡು ಚಕ್ರದ ಒತ್ತಡವೂ ತಾಪವೂ ಒಟ್ಟಿಗೆ ಏರುತ್ತಿದ್ದರೆ ಗಾಳಿ ಬಿಡುವುದಲ್ಲ, ಗೇರ್ ಇಳಿಸುವುದು ಮದ್ದು. ನಾಲ್ಕರಲ್ಲಿ ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡಿಸಿ. ಮುಚ್ಚಳದ ಸೆನ್ಸರ್ ಇರುವುದು ಹೊರಗಾಳಿಯಲ್ಲಿ, ಹೀಗಾಗಿ ಅದು ತೋರಿಸುವ ತಾಪ ಟೈರಿನ ಒಳಗಿನದಕ್ಕಿಂತ ಕಡಿಮೆಯೇ ಇರುತ್ತದೆ. ಅಂಕಿಗಿಂತ ಚಕ್ರ ಚಕ್ರಗಳ ನಡುವಿನ ವ್ಯತ್ಯಾಸ ಮುಖ್ಯ.

ಈ ಕಿಟ್ಟಿನ ದುಡ್ಡು ವಸೂಲಾಗುವುದು ನಿಧಾನದ ಪಂಚರಿನಲ್ಲಿ. ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರು ತಕ್ಷಣ ಕೂರುವುದಿಲ್ಲ, ಗಂಟೆಗಟ್ಟಲೆ ಸೋರುತ್ತದೆ, ಸ್ಟೀರಿಂಗಿನಲ್ಲಿ ಗೊತ್ತಾಗುವಷ್ಟರಲ್ಲಿ ಟೈರಿನ ಗೋಡೆ ಅರೆದುಹೋಗಿ ರಿಪೇರಿಗೂ ಬಾರದಂತಾಗುತ್ತದೆ. ಕುಮಟಾ ಬಿಟ್ಟು ಕತಗಾಲ ಬರುವಷ್ಟರಲ್ಲಿ 33 ಇದ್ದದ್ದು 30 ಆದರೆ ಅಲ್ಲೇ ನಿಲ್ಲಿಸಬಹುದು. ಓಡುತ್ತಿರುವ ಟೈರಿನ ಒತ್ತಡ ಏರಬೇಕೇ ಹೊರತು ಇಳಿಯಬಾರದು. ಇದೊಂದನ್ನು ನೆನಪಿಟ್ಟರೆ ಎಚ್ಚರಿಕೆಯ ಸದ್ದಿಗೂ ಕಾಯಬೇಕಾಗಿಲ್ಲ. ಮುಂದೆ ದೇವಿಮನೆಯ ಕಾಡಿನಲ್ಲಿ, ತಿರುವಿನ ಮೇಲೆ ಜಾಕ್ ಹಾಕಲು ಸಮತಟ್ಟು ಜಾಗ ಹುಡುಕುವುದು ಬೇರೆಯೇ ಕಷ್ಟ. ಅಂಕಿ 20ಕ್ಕಿಂತ ಕೆಳಗಿಳಿದರೆ ಒಂದು ಕಿಲೋಮೀಟರೂ ಓಡಿಸಬೇಡಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ 12 ವೋಲ್ಟಿನ ಪಂಪು ಡಿಕ್ಕಿಯಲ್ಲಿದ್ದರೆ ಗಾಳಿ ತುಂಬಿಕೊಂಡು ಹತ್ತಿರದ ಪಂಚರ್ ಅಂಗಡಿ ಮುಟ್ಟಬಹುದು.

ಒಳಗೆ ಹಾಕುವ ಸೆನ್ಸರ್, ಎಬಿಎಸ್ ಲೆಕ್ಕದ ದೀಪ

ಕಡಲಬದಿಯವರಿಗೆ ನಾವು ಹೇಳುವುದು ಒಳಗಿನ ಸೆನ್ಸರ್, ಅದೂ ರಬ್ಬರ್ ವಾಲ್ವಿನ ಮಾದರಿ. ಉಪ್ಪು ತಾಗುವುದಿಲ್ಲ, ಕಳವಾಗುವುದಿಲ್ಲ, ಗಾಳಿ ಹಾಕಿಸುವಾಗ ಬಿಚ್ಚಬೇಕಾಗಿಲ್ಲ, ತಾಪವೂ ನಿಜದ ಹತ್ತಿರ ಇರುತ್ತದೆ. ನಾಲ್ಕೂ ಟೈರು ಬಿಚ್ಚಿಸಿ, ಬ್ಯಾಲೆನ್ಸಿಂಗ್ ಮಾಡಿಸುವ ಖರ್ಚು ಹೆಚ್ಚುವರಿ, ಆದ್ದರಿಂದ ಹೊಸ ಟೈರು ಹಾಕಿಸುವಾಗಲೇ ಇದನ್ನು ಸೇರಿಸಿಕೊಳ್ಳಿ. ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಮುಗಿದರೆ ಇಡೀ ಸೆನ್ಸರನ್ನೇ ಬದಲಿಸಬೇಕು. ಪಂಚರ್ ಅಂಗಡಿಯಲ್ಲಿ ಚಕ್ರ ಕೊಡುವಾಗಲೇ ಒಳಗೆ ಸೆನ್ಸರ್ ಇದೆ ಎಂದು ಬಾಯಿಬಿಟ್ಟು ಹೇಳಿ. ಅದು ವಾಲ್ವಿನ ಹಿಂದೆಯೇ ಕೂತಿರುತ್ತದೆ, ಟೈರು ಬಿಡಿಸುವ ಯಂತ್ರದ ಕೈ ವಾಲ್ವಿನ ಜಾಗದಲ್ಲಿ ಒತ್ತಿದರೆ ಪುಡಿ. ಪಂಚರ್ ತಡೆಯಲೆಂದು ಟೈರಿಗೆ ಸುರಿಸುವ ದ್ರವವನ್ನು ಒಳಸೆನ್ಸರ್ ಇರುವ ಚಕ್ರಕ್ಕೆ ಹಾಕಿಸಬೇಡಿ, ಸೆನ್ಸರಿನ ಕಿಂಡಿ ಕಟ್ಟಿಕೊಳ್ಳುತ್ತದೆ.

ಕಂಪನಿಯ ವ್ಯವಸ್ಥೆಯಲ್ಲೂ ಎರಡು ಜಾತಿ. ಚಕ್ರ ಚಕ್ರಕ್ಕೂ ಅಂಕಿ ತೋರಿಸಿದರೆ ಒಳಗೆ ಸೆನ್ಸರ್ ಇದೆ. ಅಂಕಿ ಇಲ್ಲದೆ ದೀಪ ಮತ್ತು ರೀಸೆಟ್ ಅಥವಾ ಸೆಟ್ ಗುಂಡಿ ಮಾತ್ರ ಇದ್ದರೆ ಅದು ಬಹುಶಃ ಎಬಿಎಸ್ ಲೆಕ್ಕದ್ದು, ಅಂದರೆ ಬ್ರೇಕಿನ ಎಬಿಎಸ್ ವ್ಯವಸ್ಥೆ ಚಕ್ರಗಳ ಸುತ್ತು ಎಣಿಸುವುದರಿಂದ ಸಿಗುವ ಲೆಕ್ಕ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗಿ ಅದು ಉಳಿದವುಗಳಿಗಿಂತ ಬೇಗ ಸುತ್ತುತ್ತದೆ, ಆ ವ್ಯತ್ಯಾಸದಿಂದ ದೀಪ ಹತ್ತುತ್ತದೆ. ನಾಲ್ಕೂ ಟೈರು ಸಮನಾಗಿ ನಿಧಾನಕ್ಕೆ ಇಳಿದರೆ ಅದಕ್ಕೆ ಗೊತ್ತಾಗುವುದೇ ಕಷ್ಟ. ಇದಕ್ಕಿಂತ ದೊಡ್ಡ ತೊಡಕು ರೀಸೆಟ್ ಗುಂಡಿ. ಗಾಳಿ ಸರಿ ಮಾಡದೆ ದೀಪ ಆರಿಸಲೆಂದು ಅದನ್ನು ಒತ್ತಿದರೆ ಆ ಕಡಿಮೆ ಒತ್ತಡವನ್ನೇ ಸರಿಯೆಂದು ಕಾರು ಕಲಿತುಬಿಡುತ್ತದೆ. ಮೊದಲು ತಣ್ಣಗಿರುವ ನಾಲ್ಕೂ ಟೈರಿಗೆ ಚೀಟಿಯ ಪ್ರಕಾರ ಗಾಳಿ, ಆಮೇಲೆ ಗುಂಡಿ. ಟೈರು ಬದಲಿಸಿದಾಗ, ಮುಂದಿನದು ಹಿಂದಕ್ಕೆ ಹಾಕಿಸಿದಾಗಲೂ ಇದೇ ಕ್ರಮ. ಇಂಥ ಕಾರಿಗೆ ಮುಚ್ಚಳದ ಕಿಟ್ ಸೇರಿಸಿದರೆ ಒಂದಕ್ಕೊಂದು ಅಡ್ಡಿಯಿಲ್ಲ. ಒಳಗೆ ಸೆನ್ಸರ್ ಇದ್ದು ಅಂಕಿ ಕಾಣುತ್ತಿದ್ದರೆ ಕಿಟ್ ಬೇಕಿಲ್ಲ.

ನೈಟ್ರೋಜನ್ ತುಂಬಿಸಿದರೆ ಇದೆಲ್ಲ ಬೇಡ ಎನ್ನುವವರಿಗೆ ಒಂದೇ ಮಾತು: ಸಾಮಾನ್ಯ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ತೇವಾಂಶ ಕಡಿಮೆ ಎಂಬ ಸಣ್ಣ ಲಾಭವುಂಟು, ಆದರೆ ಮೊಳೆ ಚುಚ್ಚಿದರೆ ಅದೂ ಅಷ್ಟೇ ವೇಗದಲ್ಲಿ ಸೋರುತ್ತದೆ. ನೈಟ್ರೋಜನ್ ಇರುವ ಟೈರಿಗೆ ಬಂಕಿನ ಪುಕ್ಕಟೆ ಗಾಳಿ ಸೇರಿಸಿದರೂ ಹಾನಿಯಿಲ್ಲ. ನೈಟ್ರೋಜನ್ ಸಿಗುವ ಅಂಗಡಿ ಬರಲಿ ಎಂದು ಕಡಿಮೆ ಗಾಳಿಯಲ್ಲಿ ಘಟ್ಟ ಹತ್ತಬೇಡಿ.

ಕೊಳ್ಳುವಾಗ ಪೆಟ್ಟಿಗೆ ತೆರೆದು ನೋಡಬೇಕಾದ್ದು: ಹೆಚ್ಚುವರಿ ರಬ್ಬರ್ ವಾಶರುಗಳು, ಸೆಲ್ ಬದಲಿಸುವ ಉಪಕರಣ, ಪಿಎಸ್‌ಐ ಆಯ್ಕೆ, ಕೆಳಮಿತಿಯನ್ನು ಕೈಯಾರೆ ಇಡುವ ಸೌಲಭ್ಯ, ಒಂದೇ ಮುಚ್ಚಳ ಕಳೆದರೆ ಬಿಡಿಯಾಗಿ ಸಿಗುತ್ತದೆಯೇ ಎಂಬುದು. ಕೊನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕಿಟ್ ನೋಡಿ. ಗಾಳಿ ತುಂಬಿಸುವ ಗಡಿಬಿಡಿಯಲ್ಲಿ ಬಂಕಿನಲ್ಲೇ ಬಿಟ್ಟುಬರುವುದು ಬಹಳ, ನಾಲ್ಕನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದೇ ಬಿಚ್ಚಿ, ತುಂಬಿಸಿ, ಹಾಕಿ. ಜೊತೆಗೆ ಕೈಗೇಜ್ ಒಂದನ್ನು ಕೊಳ್ಳಿ, ಕಿಟ್ಟಿನ ಅಂಕಿಗೆ ತಾಳೆ ನೋಡಲು ಅದೇ ಆಧಾರ. ನಾಲ್ಕು ಮುಚ್ಚಳದ ಕಿಟ್ಟಿನಲ್ಲಿ ಸ್ಟೆಪ್ನಿಗೆ ಸೆನ್ಸರ್ ಇರುವುದಿಲ್ಲ. ಅದನ್ನು ತಿಂಗಳಿಗೊಮ್ಮೆ ಆ ಗೇಜಿನಲ್ಲೇ ಅಳೆದು, ಚೀಟಿಯ ಅಂಕಿಗಿಂತ ಮೂರು ಪಿಎಸ್‌ಐ ಹೆಚ್ಚೇ ಇಟ್ಟಿರಿ. ಹಾಕುವ ದಿನ ಬೇಕಾದಷ್ಟು ಬಿಡಬಹುದು.